ವೆಬ್‌ಸೈಟ್ ಮೆನು ತಾನೇ ಬರುತ್ತೆ ಅಂದರೆ ಸುಮ್ಮನೆ ಒಪ್ಪಬೇಡಿ

ಚಿಕ್ಕಪೇಟೆಯಲ್ಲಿ ನಮ್ಮದು ಸೀರೆ ಅಂಗಡಿ. ಆನ್‌ಲೈನ್ ವ್ಯಾಪಾರಕ್ಕೆ ಅಂತ ಒಂದು ಕಂಪನಿಯಿಂದ ವೆಬ್‌ಸೈಟ್ ಮಾಡಿಸಿದೆವು. "ಮೆನುಗೆ ನೀವು ಕೈ ಹಾಕೋದೇ ಬೇಡ ಸಾರ್, ಡೇಟಾಬೇಸ್‌ನಿಂದ ತಾನೇ ಬರುತ್ತೆ" ಅಂದಿದ್ದರು. ಮೆನು ಅಂದರೆ ಸೈಟ್‌ನಲ್ಲಿ ಕಾಣುವ ಸೀರೆ ವಿಭಾಗಗಳ ಪಟ್ಟಿ; ಡೇಟಾಬೇಸ್ ಅಂದರೆ ಸ್ಟಾಕ್ ವಿವರವೆಲ್ಲ ಇಡುವ ಜಾಗ.

ವರಮಹಾಲಕ್ಷ್ಮಿ ಹಬ್ಬದ ವಾರ ಸೈಟ್ ನಿಂತೇಹೋಯಿತು. ಪರದೆ ಮೇಲೆ 'ಟೂ ಮೆನಿ ಕನೆಕ್ಷನ್ಸ್' (ಡೇಟಾಬೇಸ್‌ಗೆ ಸಂಪರ್ಕಗಳು ಮಿತಿ ಮೀರಿವೆ) ಅನ್ನುವ ಸಾಲು ಮಾತ್ರ. ಫೋನ್ ಮಾಡಿದರೆ "ಸರ್ವರ್ ದೊಡ್ಡದು ತಗೊಳ್ಳಿ" ಅಂದರು. ವರ್ಷದ ದೊಡ್ಡ ವ್ಯಾಪಾರದ ವಾರ ಅದು, ಹೊಟ್ಟೆ ಉರಿಯಿತು.

ಆಮೇಲೆ ಬೇರೆ ಡೆವಲಪರ್ ಒಬ್ಬರು ಕೋಡ್ ತೆಗೆದು ತೋರಿಸಿದರು. ಯಾರು ಯಾವ ಪುಟ ತೆರೆದರೂ ಮೆನು ಹೊಸದಾಗಿ ತಯಾರಾಗುತ್ತಿತ್ತು. ಮೊದಲು ವಿಭಾಗಗಳ ಪಟ್ಟಿಗೆ ಒಂದು ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ. ಆಮೇಲೆ ಪ್ರತಿ ವಿಭಾಗದಲ್ಲಿ ಎಷ್ಟು ಸೀರೆ ಇವೆ ಅಂತ ಎಣಿಸಲು ಇನ್ನೊಂದೊಂದು. 40 ವಿಭಾಗ ಇದ್ದರೆ ಒಂದು ಪುಟಕ್ಕೆ 41 ಕ್ವೆರಿ! ಬೇಗ ಹುಡುಕಲು ಬೇಕಾದ ಇಂಡೆಕ್ಸ್ ಕೂಡ ಹಾಕಿರಲಿಲ್ಲ. ನಮ್ಮ ಡೇಟಾಬೇಸ್ ಮೈಎಸ್‌ಕ್ಯುಎಲ್; ಅದು ಒಂದೇ ಸಲಕ್ಕೆ ಕೊಡುವ ಸಂಪರ್ಕಗಳು ಡಿಫಾಲ್ಟ್ ಆಗಿ 151. ಒಂದೊಂದು ಪುಟವೂ ಇಷ್ಟು ಹೊತ್ತು ಒಂದು ಸಂಪರ್ಕ ಹಿಡಿದುಕೊಂಡು ಕೂತರೆ ಅವು ಮುಗಿಯದೆ ಇರುತ್ತವಾ?

ನನಗೆ ಜಾಸ್ತಿ ಬೇಜಾರಾಗಿದ್ದು ಇನ್ನೊಂದು ವಿಷಯಕ್ಕೆ. ವಿಭಾಗಗಳಿಗೆ ಡೇಟಾಬೇಸ್‌ನಲ್ಲಿ ಬೇರೆ ಟೇಬಲ್ಲೇ (ಪಟ್ಟಿಯೇ) ಇರಲಿಲ್ಲ. ಸ್ಟಾಕ್ ಹಾಕುವ ಹುಡುಗರು ಟೈಪ್ ಮಾಡಿದ ಹೆಸರೇ ಮೆನು. ಹಾಗಾಗಿ 'ರೇಷ್ಮೆ ಸೀರೆ', 'ರೇಶ್ಮೆ ಸೀರೆ', 'ಸಿಲ್ಕ್ ಸೀರೆ' ಮೂರೂ ಬೇರೆ ಬೇರೆ ವಿಭಾಗ. ಇಳಕಲ್ ಸೀರೆ ಖಾಲಿಯಾದ ದಿನ ಆ ವಿಭಾಗವೇ ಮಾಯ. ಗೂಗಲ್‌ನಲ್ಲಿ ಇಳಕಲ್ ಹುಡುಕಿಕೊಂಡು ಬಂದವರಿಗೆ ಸಿಕ್ಕಿದ್ದು 404, ಅಂದರೆ 'ಪುಟ ಸಿಗಲಿಲ್ಲ' ಅನ್ನುವ ಸಂದೇಶ. ಗಿರಾಕಿ ಅಂಗಡಿ ಬಾಗಿಲಿಗೆ ಬಂದು ವಾಪಸ್ ಹೋದಂತೆ ಅಲ್ವಾ ಅದು?

ಡೇಟಾಬೇಸ್‌ನಿಂದ ಮೆನು ತರುವುದೇನೂ ತಪ್ಪಲ್ಲ, ತರುವ ರೀತಿ ಸರಿ ಇರಬೇಕು. ದುಡ್ಡು ಕೊಡುವ ಮೊದಲೇ ಕೇಳಿ: ವಿಭಾಗಗಳಿಗೆ ಪ್ರತ್ಯೇಕ ಟೇಬಲ್ ಇದೆಯಾ? ಸ್ಟಾಕ್ ಹಾಕುವವರು ಹೆಸರು ಟೈಪ್ ಮಾಡುತ್ತಾರಾ, ಪಟ್ಟಿಯಿಂದ ಆರಿಸುತ್ತಾರಾ? ಎಣಿಕೆ ಎಲ್ಲಾ 'ಗ್ರೂಪ್ ಬೈ' (ವಿಭಾಗವಾರು ಗುಂಪು ಮಾಡುವ ಆದೇಶ) ಹಾಕಿ ಒಂದೇ ಕ್ವೆರಿಯಲ್ಲಿ ಬರುತ್ತದಾ? ವಿಭಾಗಗಳ ಟೇಬಲ್‌ಗೆ ಸೀರೆಗಳ ಟೇಬಲ್ಲನ್ನು 'ಲೆಫ್ಟ್ ಜಾಯಿನ್' ಹಾಕಿ ಜೋಡಿಸಿದರೆ ಖಾಲಿ ವಿಭಾಗವೂ ಉಳಿಯುತ್ತದೆ. ತಯಾರಾದ ಮೆನುವನ್ನು ಕ್ಯಾಶ್‌ನಲ್ಲಿ (ಮತ್ತೆ ಬಳಸಲು ತೆಗೆದಿಡುವ ತಾತ್ಕಾಲಿಕ ಜಾಗದಲ್ಲಿ) ಇಟ್ಟು, ವಿಭಾಗ ಇಲ್ಲವೇ ಸ್ಟಾಕ್ ಬದಲಾದಾಗ ಮಾತ್ರ ಮತ್ತೆ ಕಟ್ಟಿದರೆ ಸಾಕು. ಲಿಂಕ್‌ನಲ್ಲಿ ಬರುವ ಹೆಸರನ್ನು ನೇರವಾಗಿ ಕ್ವೆರಿಗೆ ಅಂಟಿಸಿದ್ದರೆ ಅಲ್ಲೇ ನಿಲ್ಲಿಸಿ, ಕಳ್ಳರಿಗೆ ಅದೇ ದಾರಿ. ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಅಂದರೆ ಆ ಹೆಸರನ್ನು ಕ್ವೆರಿಯಿಂದ ಬೇರೆಯಾಗಿ ಕಳಿಸುವ ವಿಧಾನ, ಇರಲೇಬೇಕು.

ಈಗಾಗಲೇ ನಮ್ಮಂತೆ ಸಿಕ್ಕಿಕೊಂಡಿದ್ದರೆ, ವಿಭಾಗಗಳನ್ನು ಒಂದುಗೂಡಿಸುವ ಮೊದಲು ಹಳೆಯ ಲಿಂಕ್‌ಗಳ ಪಟ್ಟಿ ತೆಗೆದಿಡಿ. ಒಂದೊಂದಕ್ಕೂ 301 ರೀಡೈರೆಕ್ಟ್ (ಹಳೆ ಲಿಂಕ್ ತೆರೆದವರನ್ನು ಹೊಸ ಪುಟಕ್ಕೆ ಒಯ್ಯುವ ವ್ಯವಸ್ಥೆ) ಹಾಕಿಸಿ. ಈ ಕೆಲಸ ನಮ್ಮಲ್ಲಿ ಇನ್ನೂ ನಡೆಯುತ್ತಿದೆ.