ತಿದ್ದಿದಷ್ಟೂ ಕೆಡುವ ಬಾಲ್ಯ: ‘ದಿ ಬಟರ್‌ಫ್ಲೈ ಎಫೆಕ್ಟ್’

ಎರಿಕ್ ಬ್ರೆಸ್ ಮತ್ತು ಜೆ. ಮ್ಯಾಕೀ ಗ್ರೂಬರ್ ನಿರ್ದೇಶಿಸಿದ 2004ರ ಈ ಚಿತ್ರದಲ್ಲಿ ಕಾಲಯಾನಕ್ಕೆ ಯಂತ್ರವಿಲ್ಲ. ಬಾಲ್ಯದಲ್ಲಿ ಆಗಾಗ ನೆನಪು ಕಳೆದುಕೊಳ್ಳುತ್ತಿದ್ದ ಇವಾನ್, ಆಗ ಬರೆದಿಟ್ಟ ದಿನಚರಿಯನ್ನು ಕಾಲೇಜಿನ ದಿನಗಳಲ್ಲಿ ಓದತೊಡಗಿದಾಗ ಪುಟದ ಅಕ್ಷರಗಳು ನಡುಗಿ, ಅವನು ಆ ಗಳಿಗೆಗೇ ಮರಳುತ್ತಾನೆ. ಗೆಳತಿ ಕೇಲಿಯ ಬಾಳನ್ನು ನೇರ್ಪಡಿಸಬೇಕೆಂಬ ಅವನ ಹಂಬಲ ನಿಜವಾದದ್ದು, ಆದರೆ ಪ್ರತಿ ತಿದ್ದುಪಡಿಗೂ ಬೇರೆ ಯಾರೋ ಬೆಲೆ ತೆರಬೇಕಾಗುತ್ತದೆ.

ಅಂಚೆಪೆಟ್ಟಿಗೆಯಲ್ಲಿಟ್ಟ ಸಿಡಿಮದ್ದಿನಿಂದ ಒಬ್ಬ ತಾಯಿಯನ್ನೂ ಕೂಸನ್ನೂ ಉಳಿಸಲು ಓಡಿದ ಇವಾನ್, ಬದಲಾದ ವರ್ತಮಾನದಲ್ಲಿ ಕಣ್ಣು ತೆರೆದಾಗ ತನಗೆ ಕೈಗಳೇ ಇಲ್ಲದಿರುವುದನ್ನು ಕಾಣುತ್ತಾನೆ. ಮಗನ ದುರ್ಗತಿಯ ಕೊರಗಿನಲ್ಲಿ ಸಿಗರೇಟಿಗೆ ದಾಸಳಾದ ಅವನ ತಾಯಿ ಶ್ವಾಸಕೋಶದ ಕ್ಯಾನ್ಸರಿಗೆ ತುತ್ತಾಗಿರುತ್ತಾಳೆ. ಇಡೀ ಚಿತ್ರದ ಅತ್ಯಂತ ಬಲವಾದ ಭಾಗವಿದು.

ಭೂತಕಾಲ ಬದಲಾದರೆ ಇವಾನ್‌ನ ಹೊರತು ಎಲ್ಲರ ನೆನಪೂ ಬದಲಾಗುತ್ತದೆ. ಸೆರೆಮನೆಯ ದೃಶ್ಯದಲ್ಲಿ ಮಾತ್ರ ಕಥೆ ತನ್ನ ಈ ನಿಯಮವನ್ನೇ ಮುರಿಯುತ್ತದೆ: ಭೂತಕಾಲದಲ್ಲಿ ಮಾಡಿಕೊಂಡ ಗಾಯದ ಗುರುತು ಅಂಗೈಯಲ್ಲಿ ಹಠಾತ್ತನೆ ಮೂಡುವುದು ಸಹಕೈದಿಗೆ ಹೇಗೆ ಕಾಣಲು ಸಾಧ್ಯ? ಇವಾನ್ ಪಾತ್ರದಲ್ಲಿ ಆಷ್ಟನ್ ಕಚ್ಚರ್ ಅಭಿನಯ ಅಲ್ಲಲ್ಲಿ ತೆಳುವೆನಿಸಿದರೂ, ಒಂದೊಂದು ಬದುಕಿನಲ್ಲೂ ಬೇರೆಯದೇ ಕೇಲಿಯಾಗುವ ಏಮಿ ಸ್ಮಾರ್ಟ್ ನಮ್ಮನ್ನು ಹಿಡಿದಿಡುತ್ತಾರೆ. ನಿರ್ದೇಶಕರ ಆವೃತ್ತಿಯ ಮುಕ್ತಾಯ ಬಹಳ ಕ್ರೂರ. ಚಿತ್ರಮಂದಿರಗಳಲ್ಲಿ ತೆರೆಕಂಡ ಆವೃತ್ತಿಯನ್ನೇ ನಾನು ಮೆಚ್ಚುತ್ತೇನೆ. ಮಕ್ಕಳ ಮೇಲಿನ ದೌರ್ಜನ್ಯದ ಪ್ರಸಂಗಗಳಿರುವುದರಿಂದ ಇದನ್ನು ಮನೆಮಂದಿಯೊಡನೆ ಕುಳಿತು ನೋಡಲಾಗದು.