ಉಡುಪಿ ನಗರದ ಸರ್ಕಾರಿ ಶಾಲಾ ವ್ಯವಸ್ಥೆ: ಪೋಷಕರೊಬ್ಬರ ವಿಮರ್ಶೆ

2023ರ ಜೂನ್‌ನಲ್ಲಿ ಮಗಳನ್ನು ಖಾಸಗಿ ಆಂಗ್ಲ ಮಾಧ್ಯಮ ಶಾಲೆಯಿಂದ ಬಿಡಿಸಿ, ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎರಡನೇ ತರಗತಿಗೆ ಸೇರಿಸಿದೆವು. ನೆಂಟರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: "ಎಂತ, ಫೀಸು ಕಟ್ಲಿಕ್ಕೆ ಆಗ್ಲಿಲ್ವಾ?" ಫೀಸು ಕಾರಣವಾಗಿರಲಿಲ್ಲ. ಏಳು ವರ್ಷದ ಮಗು ಬೆಳಿಗ್ಗೆ ಏಳೂಕಾಲಕ್ಕೆ ವ್ಯಾನ್ ಹತ್ತಿ, ಸಂಜೆ ಬಂದು ಮತ್ತೆ ಟ್ಯೂಷನ್‌ಗೆ ಹೋಗುವುದನ್ನು ನೋಡಲಾಗದೆ ತೆಗೆದುಕೊಂಡ ತೀರ್ಮಾನವದು. ಈಗ ಅವಳು ನಾಲ್ಕನೇ ತರಗತಿಯಲ್ಲಿದ್ದಾಳೆ. ಇಷ್ಟು ಕಾಲದಲ್ಲಿ ಕಂಡದ್ದನ್ನು, ಇದೇ ಯೋಚನೆಯಲ್ಲಿರುವ ಪೋಷಕರಿಗಾಗಿ ಬರೆಯುತ್ತಿದ್ದೇನೆ.

ಉಡುಪಿಯ ಹೆಸರು ಕೇಳಿದೊಡನೆ ಜನ ಫಲಿತಾಂಶದ ಮಾತೆತ್ತುತ್ತಾರೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಜಿಲ್ಲೆ ಶೇ. 94ರೊಂದಿಗೆ ರಾಜ್ಯಕ್ಕೆ ಮೊದಲಿತ್ತು. 2025ರಲ್ಲಿ ದಕ್ಷಿಣ ಕನ್ನಡ ಮೊದಲಾಗಿ ಉಡುಪಿ ಎರಡನೆಯದಾಯಿತು. ಆದರೆ ಈ ಅಂಕಿಗಳಲ್ಲಿ ಸರ್ಕಾರಿ, ಅನುದಾನಿತ, ಖಾಸಗಿ ಶಾಲೆಗಳೆಲ್ಲ ಸೇರಿರುವುದರಿಂದ, ಒಂದನೇ ತರಗತಿಗೆ ಮಗುವನ್ನು ಸೇರಿಸುವವರಿಗೆ ಅವು ಹೇಳುವುದು ಬಹಳ ಕಡಿಮೆ.

ಪ್ರವೇಶ ಪ್ರಕ್ರಿಯೆ ತಲೆನೋವಿನದೇ. ಹಿಂದಿನ ಶಾಲೆ ಸ್ಯಾಟ್ಸ್‌ನಲ್ಲಿ (ವಿದ್ಯಾರ್ಥಿಗಳ ದಾಖಲೆಯಿಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ವರ್ಗಾವಣೆ ಪತ್ರ ಬಿಡುಗಡೆ ಮಾಡಲು ಮೂರು ವಾರ ತೆಗೆದುಕೊಂಡಿತು. ಜನನ ಪ್ರಮಾಣಪತ್ರದಲ್ಲೊಂದು, ಆಧಾರ್‌ನಲ್ಲೊಂದು ಎಂಬಂತೆ ಹೆಸರಿನ ಒಂದಕ್ಷರ ಬೇರೆಯಿದ್ದದ್ದಕ್ಕೆ ಕಚೇರಿಯೊಂದಕ್ಕೆ ಎರಡು ಬಾರಿ ಅಲೆಯಬೇಕಾಯಿತು. ಇದೆಲ್ಲ ಸರಿಯಾಗುವವರೆಗೆ ಮುಖ್ಯ ಶಿಕ್ಷಕಿ ಮಗುವನ್ನು ತರಗತಿಯಲ್ಲಿ ಕೂರಿಸಿಕೊಂಡದ್ದನ್ನು ಮರೆಯಲಾರೆ.

ನನಗೆ ಅತ್ಯಂತ ಹಿಡಿಸಿದ್ದು ನಲಿಕಲಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ತೊಂಬತ್ತರ ದಶಕದಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು, ಕಲಿಕಾ ಏಣಿಯ ಮೇಲೆ ತಮ್ಮ ಮೆಟ್ಟಿಲು ಯಾವುದೆಂದು ನೋಡಿಕೊಂಡು, ಅದಕ್ಕೆ ಹೊಂದುವ ಕಾರ್ಡನ್ನು ತಾವೇ ತೆಗೆದುಕೊಂಡು ಕಲಿಯುತ್ತಾರೆ. ಶಿಕ್ಷಕಿ ನೆಲದ ಮೇಲೆಯೇ ಕೂರುತ್ತಾರೆ. ಮಗಳಿಗೆ ಕನ್ನಡದ ಒತ್ತಕ್ಷರ ಬರುತ್ತಿರಲಿಲ್ಲ. ಅವಳನ್ನು ಒಂದನೇ ತರಗತಿಯ ಮೆಟ್ಟಿಲಿನಿಂದ ಆರಂಭಿಸಿದರು, ಆದರೂ ಅವಳು ಹಿಂದೆ ಬಿದ್ದಳೆಂದು ಯಾರೂ ಹೇಳಲಿಲ್ಲ. ನವರಾತ್ರಿಯ ಹೊತ್ತಿಗೆ ಅಂಗಡಿಗಳ ಬೋರ್ಡುಗಳನ್ನು ಓದತೊಡಗಿದ್ದಳು. ಅದೇ ಕೋಣೆಯಲ್ಲಿ ಮನೆಯಲ್ಲಿ ತುಳು ಆಡುವ ಮಕ್ಕಳೂ, ಬಾಗಲಕೋಟೆ, ಕೊಪ್ಪಳದ ಕಡೆಯಿಂದ ದುಡಿಯಲು ಬಂದವರ ಮಕ್ಕಳೂ ಇದ್ದರು. ಮಗಳು ಈಗ ನಮ್ಮಲ್ಲಿ ಯಾರಿಗೂ ಬಾರದ ಉತ್ತರ ಕರ್ನಾಟಕದ ರಾಗದಲ್ಲಿ "ಹೌದ್ರೀ" ಎನ್ನುತ್ತಾಳೆ. ಅಜ್ಜಿಗೆ ಅದು ಅಷ್ಟಾಗಿ ರುಚಿಸಿಲ್ಲ. ಈ ಮಕ್ಕಳಲ್ಲಿ ಕೆಲವರು ಊರ ಜಾತ್ರೆಗೋ ಯುಗಾದಿಗೋ ಹೋದವರು ತಿಂಗಳುಗಟ್ಟಲೆ ಮರಳುವುದಿಲ್ಲ. ಬಂದ ಮೇಲೆ ಏಣಿಯಲ್ಲಿ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು ಎಂಬುದು ಈ ಪದ್ಧತಿಯ ದೊಡ್ಡ ಅನುಕೂಲ.

ಊಟ ಚೆನ್ನಾಗಿದೆ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು, ಮಧ್ಯಾಹ್ನ ಅನ್ನ ಸಾಂಬಾರು, ಜೊತೆಗೆ ಮೊಟ್ಟೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮೊಟ್ಟೆ ವಾರದ ಆರೂ ದಿನ ಸಿಗುವಂತಾಯಿತು. ಕುಚ್ಚಲಕ್ಕಿಯ ಊರಿನಲ್ಲಿ ಬೆಳ್ತಿಗೆ (ಬಿಳಿ ಅಕ್ಕಿಯ) ಅನ್ನ ಬಡಿಸುವುದೊಂದೇ ನನ್ನ ತಕರಾರು. ಪಠ್ಯಪುಸ್ತಕ, ಸಮವಸ್ತ್ರ, ಶೂ ಉಚಿತ. ಆದರೆ ಕರಾವಳಿಯ ಮಳೆಗಾಲದಲ್ಲಿ ಒಂದು ಜೊತೆ ಬಟ್ಟೆ ಒಣಗುವುದರೊಳಗೆ ಎರಡನೆಯದು ಬೇಕಾಗುತ್ತದೆ, ಆ ಎರಡನೆಯದು ನಮ್ಮ ಕೈಗೆ ಬಂದದ್ದು ಮಳೆ ನಿಂತ ಮೇಲೆ.

ಕೊರತೆಯಿರುವುದು ಶಿಕ್ಷಕರ ಸಂಖ್ಯೆಯಲ್ಲಿ. ನಮ್ಮ ಶಾಲೆಯಲ್ಲಿ ಖಾಲಿಯಾದ ಹುದ್ದೆಗೆ ಎರಡು ವರ್ಷವಾದರೂ ಯಾರೂ ಬಂದಿಲ್ಲ. ಅತಿಥಿ ಶಿಕ್ಷಕಿಯೊಬ್ಬರಿದ್ದಾರೆ, ಅದೂ ಸಾಲದೆ ಹಳೆ ವಿದ್ಯಾರ್ಥಿ ಸಂಘದವರು ಸಂಬಳ ಕೊಟ್ಟು ಇಂಗ್ಲಿಷ್‌ಗೆ ಒಬ್ಬ ಗೌರವ ಶಿಕ್ಷಕಿಯನ್ನು ನೇಮಿಸಿದ್ದಾರೆ. ಹಾಗೆ ನೋಡಿದರೆ ಶಾಲೆಯ ಅರ್ಧ ನಡೆಯುವುದೇ ಊರವರಿಂದ: ಬಿಸಿಯೂಟದ ಕೋಣೆಯ ತಗಡಿನ ಮಾಡು ಮುಂಬಯಿಯಲ್ಲಿ ಹೋಟೆಲು ನಡೆಸುವ ಹಳೆ ವಿದ್ಯಾರ್ಥಿಯ ಕೊಡುಗೆ, ನೀರಿನ ಫಿಲ್ಟರ್ ದುಬೈಯಲ್ಲಿರುವವರದ್ದು. ಗೋಡೆಯ ಮೇಲೆ ದಾನಿಗಳ ಹೆಸರಿನ ಕಲ್ಲುಗಳನ್ನು ಓದುತ್ತಾ ಹೋದರೆ ಇಲಾಖೆ ಏನು ಕೊಟ್ಟಿದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇಂಥ ಸಂಘವಿಲ್ಲದ ಶಾಲೆಯ ಗತಿಯೇನು ಎಂಬುದಕ್ಕೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನನಗೆ ಉತ್ತರ ಸಿಗಲಿಲ್ಲ. ಶಾಲೆಗಳು ನಗರಸಭೆಯ ಅಧೀನದಲ್ಲಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿ, ಉಪನಿರ್ದೇಶಕರ ಮೂಲಕ ಇಲಾಖೆಯೇ ನಡೆಸುತ್ತದೆಯಾದ್ದರಿಂದ, ವಾರ್ಡಿನ ಸದಸ್ಯರ ಬಳಿ ಶಿಕ್ಷಕರನ್ನು ಕೇಳಿ ಪ್ರಯೋಜನವೂ ಇಲ್ಲ.

ಇರುವ ಶಿಕ್ಷಕರೂ ಪೂರ್ತಿ ನಮಗೆ ಸಿಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಹಚ್ಚಿದ್ದರು; ಕೆಲಸ ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಜುಲೈನಲ್ಲಿ ಮಳೆಯ ರಜೆಗಳು ಬೇರೆ. ಮಳೆಯ ರಜೆಯನ್ನು ಶನಿವಾರಗಳಲ್ಲಿ ಪೂರ್ಣ ದಿನ ಪಾಠ ಮಾಡಿ ಸರಿದೂಗಿಸುತ್ತಾರೆ. ಸಮೀಕ್ಷೆಯ ರಜೆಗೂ ಅಂಥ ಲೆಕ್ಕ ಕೇಳಿದರೆ ಶಿಕ್ಷಕಿ ನಕ್ಕು ಸುಮ್ಮನಾದರು.

ಇಂಗ್ಲಿಷ್ ವಿಷಯದಲ್ಲಿ ನೇರವಾಗಿ ಹೇಳುತ್ತೇನೆ: ಅವಳ ಓರಗೆಯ ಖಾಸಗಿ ಶಾಲೆಯ ಮಕ್ಕಳಷ್ಟು ಸಲೀಸಾಗಿ ಮಗಳು ಇಂಗ್ಲಿಷ್ ಆಡುವುದಿಲ್ಲ. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ನಾವೇ ಓದಿಸುತ್ತೇವೆ, ಅಷ್ಟು ಬಿಡುವಿಲ್ಲದ ಮನೆಯವರು ಇದನ್ನು ಗಮನದಲ್ಲಿಡಬೇಕು. ಗಣಿತ ಮತ್ತು ಕನ್ನಡದಲ್ಲಿ ಅವಳು ಯಾರಿಗೂ ಕಡಿಮೆಯಿಲ್ಲ. ಹೈಸ್ಕೂಲಿಗೆ ಹೋದ ಮೇಲೆ ಶಾಲೆಗಳಲ್ಲಿ ಯಕ್ಷಗಾನ ಕಲಿಸುವ ಯಕ್ಷಶಿಕ್ಷಣ ಟ್ರಸ್ಟಿನ ತರಗತಿ ಸೇರುವೆನೆಂದು ಈಗಲೇ ಹಠ ಹಿಡಿದಿದ್ದಾಳೆ. ಅಲ್ಲಿ ಕಲಿತ ಮಕ್ಕಳು ಆಡುವ ಕಿಶೋರ ಯಕ್ಷಗಾನ ಸಂಭ್ರಮ ನೋಡಿ ಬಂದ ರಾತ್ರಿಯಿಂದ, ವೇಷ ಕಟ್ಟಿಕೊಳ್ಳುವ ಆಟದಲ್ಲಿ ಮನೆಯ ಬೈರಾಸಿಗೆ (ಟವೆಲಿಗೆ) ಬಿಡುವಿಲ್ಲ.

ಐದಕ್ಕೆ ಅಂಕ ಕೊಡುವುದಾದರೆ ಶಿಕ್ಷಕರಿಗೆ ನಾಲ್ಕೂವರೆ, ಊಟಕ್ಕೆ ನಾಲ್ಕು, ಇಲಾಖೆಗೆ ಎರಡು. ಮುಂದಿನ ಜೂನ್‌ಗೆ ಮಗನನ್ನೂ ಅಲ್ಲಿಗೇ ಸೇರಿಸುತ್ತಿದ್ದೇವೆ. ಅವನ ಆಧಾರ್‌ನಲ್ಲಿದ್ದ ಕಾಗುಣಿತದ ತಪ್ಪನ್ನು ಈ ಬಾರಿ ಮೊದಲೇ ತಿದ್ದಿಸಿಟ್ಟಿದ್ದೇವೆ.