ನೆರಳಿನ ತೋಟದ ವಿನ್ಯಾಸ ಸೇವೆ: ನಾಲ್ಕು ವರ್ಷಗಳ ನಂತರದ ವಿಮರ್ಶೆ

ಮನೆಯ ಹಿಂಬದಿಯಲ್ಲಿ ಎತ್ತರದ ಗೋಡೆಗೂ ಹಳೆಯ ಮರವೊಂದಕ್ಕೂ ನಡುವಿನ ಜಾಗದಲ್ಲಿ ನೇರ ಬಿಸಿಲು ಬೀಳದೆ, ನೆಟ್ಟ ಗಿಡಗಳೆಲ್ಲ ಸೊರಗುತ್ತಿದ್ದವು. ಅಳತೆ ಮತ್ತು ಛಾಯಾಚಿತ್ರ ಕಳುಹಿಸಿದರೆ ನೆಡುವ ನಕ್ಷೆಯನ್ನೂ ಗಿಡಗಳ ಪಟ್ಟಿಯನ್ನೂ ಸಿದ್ಧಪಡಿಸಿಕೊಡುವ ಒಂದು ವಿನ್ಯಾಸ ಸೇವೆಯನ್ನು ನಾಲ್ಕು ವರ್ಷಗಳ ಹಿಂದೆ ಪಡೆದುಕೊಂಡೆ. ಹೊಸದಾಗಿ ನೆಟ್ಟ ತೋಟ ಯಾವುದಾದರೂ ಚೆನ್ನಾಗಿಯೇ ಕಾಣುತ್ತದೆ. ಗಿಡಗಳು ಮೈದುಂಬಿಕೊಂಡ ಮೇಲಷ್ಟೇ ನಕ್ಷೆಯ ಗುಣದೋಷ ತಿಳಿಯುವುದರಿಂದ ಇಷ್ಟು ಕಾಲ ಕಾದು ಬರೆಯುತ್ತಿದ್ದೇನೆ.

ಈ ನಕ್ಷೆಯ ದೊಡ್ಡ ಗುಣವೆಂದರೆ ಅದರಲ್ಲಿ ಹೂವಿಗೆ ಸ್ಥಾನವೇ ಇರಲಿಲ್ಲ. ನೆರಳಿನಲ್ಲಿ ಹೂ ಬಿಡುವ ಗಿಡಗಳು ಕಡಿಮೆ, ಬಿಟ್ಟರೂ ಕೆಲವೇ ದಿನ. ಎಲೆಯಾದರೋ ಬಹುಕಾಲ ಕಣ್ಣ ಮುಂದಿರುತ್ತದೆ. ಆದ್ದರಿಂದ ಎಲೆಯ ಅಗಲ, ಅಂಚು, ಹೊಳಪು ಮತ್ತು ಬಣ್ಣದ ತೂಕವನ್ನೇ ಆಧಾರವಾಗಿಟ್ಟುಕೊಂಡು ಜೋಡಣೆ ಮಾಡಲಾಗಿತ್ತು. ಗೋಡೆಯ ಬದಿಗೆ ಕಂಬಕ್ಕೆ ಹಬ್ಬಿಸಿದ ಮಾನ್‌ಸ್ಟೆರಾ (ಬಲಿತ ಮೇಲೆ ಸೀಳು, ರಂಧ್ರಗಳಿರುವ ದೊಡ್ಡ ಎಲೆಗಳ ಬಳ್ಳಿ), ಅದರ ಮುಂದೆ ನಯವಾದ ಸೀಳೆಲೆಗಳ ನೆಫ್ರೋಲೆಪಿಸ್ ಜರೀಗಿಡ, ಪಕ್ಕದಲ್ಲಿ ಪಟ್ಟಿಯಂಥ ಅಖಂಡ ಎಲೆಗಳ ಬರ್ಡ್ಸ್ ನೆಸ್ಟ್ ಜರೀಗಿಡ, ನೆಲದಂಚಿಗೆ ಪೆಪರೋಮಿಯಾ. ದೊಡ್ಡ ಎಲೆಯ ಮಗ್ಗುಲಲ್ಲಿ ಸಣ್ಣ ಎಲೆ ಬಂದಾಗ ಎರಡೂ ಎದ್ದು ಕಾಣುತ್ತವೆ ಎಂಬ ತತ್ತ್ವ ಕಾಗದದ ಮೇಲೆ ಸರಳವೆನಿಸಿದರೂ, ಎಳೆಯ ಮಾನ್‌ಸ್ಟೆರಾದ ಎಲೆಗಳಲ್ಲಿ ಸೀಳಾಗಲಿ ರಂಧ್ರವಾಗಲಿ ಇರುವುದಿಲ್ಲವಾದ್ದರಿಂದ, ಬಳ್ಳಿ ಕಂಬವನ್ನೇರಿ ಎಲೆ ಹಿಗ್ಗುವವರೆಗೆ, ಅಂದರೆ ಸುಮಾರು ಎರಡು ವರ್ಷ, ಅದರ ಪೂರ್ಣ ಪರಿಣಾಮ ನನಗೆ ಕಾಣಲಿಲ್ಲ. ಒಂದೇ ಗಿಡವನ್ನು ಮೂರು ಕಡೆ ಮರುಕಳಿಸಿ ನೆಡಬೇಕೆಂಬ ಸೂಚನೆಯನ್ನೂ ಮೊದಲು ಅನುಮಾನಿಸಿದ್ದೆ. ಈಗ ಬೇರೆ ಬೇರೆ ಗಿಡಗಳ ಗುಂಪುಗಳು ಚದುರಿದಂತೆ ಕಾಣದೆ ಒಂದೇ ತೋಟವಾಗಿ ತೋರುವುದಕ್ಕೆ ಆ ಮರುಕಳಿಕೆಯೇ ಕಾರಣ.

ಬಣ್ಣದ ವಿಷಯದಲ್ಲಿ ಸಲಹೆ ಅರ್ಧ ಸರಿಯಾಗಿತ್ತು. ಕತ್ತಲೆಯ ಮೂಲೆಯಲ್ಲಿ ಕಡುಹಸಿರು ಮತ್ತು ನೇರಳೆ ಎಲೆಗಳು ಕರಗಿಹೋಗುತ್ತವೆ, ಬಿಳಿ ಮಚ್ಚೆಯ ಅಥವಾ ತಿಳಿಹಸಿರಿನ ಎಲೆಗಳು ಅಲ್ಲಿಗೆ ಬೆಳಕು ತಂದಂತೆ ಕಾಣುತ್ತವೆ ಎಂಬುದು ನಿಜ. ಆದರೆ ಬಿಳಿ ಭಾಗದಲ್ಲಿ ಪತ್ರಹರಿತ್ತು ಇರುವುದಿಲ್ಲವಾದ್ದರಿಂದ ಅಂಥ ಗಿಡಗಳಿಗೆ ಹಸಿರು ಗಿಡಗಳಿಗಿಂತ ಹೆಚ್ಚು ಬೆಳಕು ಬೇಕು. ಅತಿ ಗಾಢ ನೆರಳಿನಲ್ಲಿಟ್ಟ ನನ್ನ ಮನಿ ಪ್ಲಾಂಟ್ ಕ್ರಮೇಣ ಹಸಿರಿಗೆ ತಿರುಗಿತು. ಅದನ್ನು ಒಂದು ಮೀಟರಿನಷ್ಟು ಹೊರಕ್ಕೆ ತಂದ ಮೇಲೆ ಹೊಸ ಎಲೆಗಳಲ್ಲಿ ಮಚ್ಚೆ ಮರಳಿತು.

ನನ್ನ ಮುಖ್ಯ ದೂರು ಮರದ ಬುಡದ ಭಾಗದ ಬಗ್ಗೆ. ನಕ್ಷೆಯು ಗೋಡೆಯ ನೆರಳನ್ನೂ ಮರದ ನೆರಳನ್ನೂ ಒಂದೇ ಎಂದು ಪರಿಗಣಿಸಿತ್ತು. ಗೋಡೆ ಮುಖ್ಯವಾಗಿ ಬೆಳಕನ್ನು ತಡೆದರೆ, ಮರವು ಬೆಳಕಿನ ಜೊತೆಗೆ ಹಗುರ ಮಳೆಯನ್ನೂ ತನ್ನ ಎಲೆಗಳಲ್ಲೇ ಹಿಡಿದಿಡುತ್ತದೆ, ಮೇಲ್ಮಣ್ಣಿನ ತೇವವನ್ನು ಬೇರುಗಳಿಂದ ಹೀರುತ್ತದೆ. ಸದಾ ತೇವ ಬೇಡುವ ಕ್ಯಾಲಥಿಯಾ ಗಿಡಗಳನ್ನು ಸೂಚನೆಯಂತೆ ಅಲ್ಲಿ ನೆಟ್ಟೆ. ಎಲೆಯಂಚು ಕಂದಿ, ಒಂದೇ ಬೇಸಿಗೆಯಲ್ಲಿ ಎಲ್ಲವೂ ಹೋದವು. ಬುಡದ ಸುತ್ತ ಮಣ್ಣೇರಿಸುವ ಯೋಚನೆಯೂ ಬಂದಿತ್ತು, ಆದರೆ ಅದರಿಂದ ಬೇರುಗಳಿಗೆ ಗಾಳಿ ಸಿಗದೆ ಮರಕ್ಕೇ ಅಪಾಯ. ಕೊನೆಗೆ ಬೇರುಗಳ ನಡುವೆ ಅಗೆಯುವುದನ್ನು ಬಿಟ್ಟು, ಒಣ ನೆರಳನ್ನು ತಾಳಿಕೊಳ್ಳುವ ಆಸ್ಪಿಡಿಸ್ಟ್ರಾ ಮತ್ತು ಸ್ನೇಕ್ ಪ್ಲಾಂಟ್‌ಗಳನ್ನು ಸಂದುಗಳಲ್ಲಿ ನೆಟ್ಟು, ಜರೀಗಿಡಗಳನ್ನು ಅಗಲ ಕುಂಡಗಳಲ್ಲಿಟ್ಟೆ. ಉದುರಿದ ಎಲೆಗಳನ್ನೇ ಸುಮಾರು 5 ಸೆಂಟಿಮೀಟರ್ ದಪ್ಪಕ್ಕೆ, ಕಾಂಡಕ್ಕೆ ತಾಗದಂತೆ ಹಾಸಿದ್ದೇನೆ. ಮೂರು ವರ್ಷಗಳಿಂದ ಅಲ್ಲಿ ಒಂದು ಗಿಡವೂ ಸತ್ತಿಲ್ಲ.

ಕ್ಯಾಲೇಡಿಯಂ ಗೆಡ್ಡೆಗಳು ಪ್ರತಿವರ್ಷ ಎಲೆ ಉದುರಿಸಿ ಕೆಲವು ತಿಂಗಳು ನೆಲದೊಳಗೆ ವಿಶ್ರಮಿಸುತ್ತವೆ ಎಂಬುದನ್ನು ಪಟ್ಟಿಯಲ್ಲಿ ಹೇಳದಿದ್ದುದರಿಂದ ಮೊದಲ ವರ್ಷ ಅವು ಸತ್ತವೆಂದೇ ತಿಳಿದು ಅಗೆದು ತೆಗೆದೆ. ಇದಕ್ಕಿಂತ ಗಂಭೀರವಾದ ಲೋಪವೊಂದಿದೆ. ಮಾನ್‌ಸ್ಟೆರಾ, ಕ್ಯಾಲೇಡಿಯಂ, ಸಿಂಗೋನಿಯಂ, ಮನಿ ಪ್ಲಾಂಟ್ ಎಲ್ಲವೂ ಕೆಸುವಿನ ಕುಟುಂಬದವು. ಇವುಗಳಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಅಗಿದವರ ಬಾಯಿ, ನಾಲಿಗೆಗಳಿಗೆ ಚುಚ್ಚಿ ಉರಿ ಮತ್ತು ಊತವನ್ನು ತರುತ್ತವೆ. ಪುಟ್ಟ ಮಕ್ಕಳಾಗಲಿ ಸಾಕುಪ್ರಾಣಿಗಳಾಗಲಿ ಇರುವ ಮನೆಗೆ ಈ ಎಚ್ಚರಿಕೆಯಿಲ್ಲದೆ ಪಟ್ಟಿ ಕಳುಹಿಸಬಾರದಿತ್ತು.

ಈ ಬಗೆಯ ಸೇವೆಯನ್ನು ಪಡೆಯುವವರು ಮಧ್ಯಾಹ್ನದ ಒಂದು ಚಿತ್ರವನ್ನಷ್ಟೇ ಕಳುಹಿಸಬೇಡಿ. ನನ್ನಿಂದ ಅವರು ಕೇಳಿದ್ದು ಅಷ್ಟನ್ನೇ. ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಬಿಸಿಲು ಎಲ್ಲಿ ಬೀಳುತ್ತದೆ ಎಂದು ಗುರುತು ಹಾಕಿ, ಸೂರ್ಯನ ಪಥ ಬದಲಾಗುವುದರಿಂದ ಇನ್ನೊಂದು ಋತುವಿನಲ್ಲೂ ಅದನ್ನೇ ಮಾಡಿ, ಮಣ್ಣನ್ನು ಒಂದು ಗೇಣು ಅಗೆದು ಬೇರು ಎಷ್ಟಿದೆ ಎಂಬುದನ್ನೂ ಬರೆದು ಕಳುಹಿಸಿ. ಗೋಡೆಯ ಬದಿಯ ನಕ್ಷೆಯನ್ನು ನಾನು ಇಂದಿಗೂ ಒಂದಿಷ್ಟೂ ಬದಲಿಸಿಲ್ಲ. ಮರದ ಬದಿಯದನ್ನು ಮಾತ್ರ ಪೂರ್ತಿಯಾಗಿ ನಾನೇ ಮತ್ತೆ ಬರೆದುಕೊಳ್ಳಬೇಕಾಯಿತು.